ಖಡೇಬಜಾರದ ಪ್ರಿಂಟ್ ಅಂಗಡಿ, ನನ್ನ ಹದಿನಾರು ಪುಟ

ಪೋರ್ಟ್‌ಫೋಲಿಯೊ (ಮಾಡಿದ ಕೆಲಸದ ಮಾದರಿಗಳ ಪುಸ್ತಕ) ಎಲ್ಲಿ ಪ್ರಿಂಟ್ ಮಾಡಿಸಿದಿ ಅಂತ ಈ ತಿಂಗಳು ಮೂರು ಜನ ಕೇಳಿದರು. ಮೂವರೂ ಡಿಸೈನ್ ಕೆಲಸ ಹುಡುಕುತ್ತಿರುವವರು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಂಗಡಿ ಬೆಳಗಾವಿಯ ಖಡೇಬಜಾರದ ಒಂದು ಒಳಗಲ್ಲಿಯಲ್ಲಿದೆ. ಕೆಳಗೆ ಬಳೆ ಅಂಗಡಿ, ಮೆಟ್ಟಿಲು ಹತ್ತಿದರೆ ಇದು. ಒಂದು ಡಿಜಿಟಲ್ ಮಷೀನು, ಒಂದು ಕಟಿಂಗ್ ಮಷೀನು, ಲ್ಯಾಮಿನೇಶನ್, ಬೈಂಡಿಂಗ್, ಇಷ್ಟೇ. ನಡೆಸುವವರು ಅರವತ್ತರ ಹತ್ತಿರದ ಕಾಕಾ. ಮೊದಲು ಆಫ್‌ಸೆಟ್ ಪ್ರೆಸ್ಸಿನಲ್ಲಿ ಅಚ್ಚಿನ ಪ್ಲೇಟ್ ಮಾಡುತ್ತಿದ್ದರಂತೆ. ಹೆಸರು ಮಾತ್ರ ಹಾಕಬೇಡ ಅಂದಿದ್ದಾರೆ. ಒಬ್ಬರೇ ಕೂತು ಮಾಡುವ ಕೆಲಸ, ಒಮ್ಮೆಲೇ ಹತ್ತು ಜನ ಬಂದರೆ ಆಗುವುದಿಲ್ಲ. ಬೇಕಾದವರು ನನ್ನನ್ನು ಕೇಳಿದರೆ ದಾರಿ ಹೇಳುತ್ತೇನೆ.

ನಾನು ಗೋಕಾಕದ ಒಂದು ಪ್ರೆಸ್ಸಿನಲ್ಲಿ ಐದು ವರ್ಷ ಡಿಸೈನ್ ಮಾಡಿದವಳು. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಶ್ರದ್ಧಾಂಜಲಿ ಬ್ಯಾನರು, ಸೊಸೈಟಿಯ ವಾರ್ಷಿಕ ವರದಿ, ಕರದಂಟಿನ ಡಬ್ಬಿ. ಪ್ಯಾಕೇಜಿಂಗ್ ಡಿಸೈನಿನ ಕೆಲಸ ಬೇಕು ಅಂತ ಅರ್ಜಿ ಹಾಕಲು ಶುರು ಮಾಡಿ ಎಂಟು ತಿಂಗಳು ಒಂದು ಕಡೆಯಿಂದಲೂ ಕರೆ ಬರಲಿಲ್ಲ. ನಡುವೆ ಒಂದು ಆನ್‌ಲೈನ್ ಕರಿಯರ್ ಸಲಹೆ ಸೇವೆಗೆ 4,999 ರೂಪಾಯಿ ಕಟ್ಟಿದೆ. ಅವರು ಕೊಟ್ಟದ್ದು ಎರಡು ಕಾಲಮ್ಮಿನ ಬಣ್ಣದ ರೆಸ್ಯುಮೆ, ಅದರಲ್ಲಿ 'ಫೋಟೊಶಾಪ್ 90%' ಅಂತ ಕೌಶಲ ಅಳೆದು ತೋರಿಸುವ ಚಿತ್ರದ ಪಟ್ಟಿ. ಆ ಶೇಕಡಾ ಯಾರು ಅಳೆದದ್ದು ಅಂತ ಇವತ್ತಿಗೂ ನನಗೆ ತಿಳಿದಿಲ್ಲ. ಅರ್ಜಿ ಓದುವ ಸಾಫ್ಟ್‌ವೇರಿಗೆ ಇಂಥ ಚಿತ್ರದ ಪಟ್ಟಿ ಕಾಣುವುದೇ ಇಲ್ಲ, ಎರಡು ಕಾಲಮ್ಮಿನ ಸಾಲುಗಳು ಕಲಸಿಹೋಗುವುದೂ ಉಂಟು ಅಂತ ಆಮೇಲೆ ಗೊತ್ತಾಯಿತು. ಈಗ ನನ್ನ ರೆಸ್ಯುಮೆ ಒಂದೇ ಕಾಲಮ್ಮು, ಕಪ್ಪು ಅಕ್ಷರ, ಕೆಳಗೆ ಪೋರ್ಟ್‌ಫೋಲಿಯೊ ಲಿಂಕು.

ಕೊನೆಗೆ ಬೆಳಗಾವಿಯಲ್ಲೇ, ತಿನಿಸುಗಳ ಒಂದು ಕಂಪನಿಯಿಂದ ಕರೆ ಬಂತು. ಕೈಯಲ್ಲಿ ಹಿಡಿದು ತೋರಿಸಲು ಪುಸ್ತಕ ಇರಲಿ ಅಂತ ಪೆನ್ ಡ್ರೈವ್ ಹಿಡಿದು ಈ ಅಂಗಡಿಗೆ ಹೋದೆ. 38 ಪುಟ, ಎ4 ಅಡ್ಡ ಅಳತೆ.

ಕಾಕಾ ಫೈಲ್ ತೆರೆದು ಒಂದೊಂದೇ ಪುಟ ಸರಿಸಿದರು.

"ತಂಗಿ, ಇದನ್ನ ಯಾರಿಗೆ ತೋರಸ್ತಿ?"

ಕಂಪನಿಯವರಿಗೆ ಅಂದೆ.

"ಅವ್ರು ಏನ್ ಮಾರತಾರ?"

"ಚಿಕ್ಕಿ, ಚಕ್ಕುಲಿ, ಲಡ್ಡು ರೀ."

"ಮತ್ತ ನಿನ್ನ ಕರದಂಟಿನ ಡಬ್ಬಿ ಇಪ್ಪತ್ತೆಂಟನೇ ಪುಟದಾಗ ಯಾಕ ಕುಂತೈತಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೊದಲ ಆರು ಪುಟ ಒಂದು ಕಾಫಿ ಅಂಗಡಿಯ ಲೋಗೊ ಇತ್ತು. ಅಂಥ ಅಂಗಡಿ ಎಲ್ಲಿಯೂ ಇಲ್ಲ. ಬಿಹ್ಯಾನ್ಸ್‌ನಲ್ಲಿ (ಡಿಸೈನರರು ಕೆಲಸ ತೋರಿಸುವ ಜಾಲತಾಣ) ಚಂದ ಕಂಡದ್ದನ್ನು ನೋಡಿ ಅಭ್ಯಾಸಕ್ಕೆ ಮಾಡಿದ್ದೆ. ಐದು ವರ್ಷ ನಿಜವಾದ ಗಿರಾಕಿಗಳಿಗೆ ಮಾಡಿದ ಕೆಲಸವನ್ನು ನಾನೇ ಹಿಂದೆ ತಳ್ಳಿದ್ದೆ, ಊರ ಕೆಲಸ ಅಂತ ನಾಚಿಕೆಪಟ್ಟು.

ಆಮೇಲೆ ಕಾಗದದ ಲೆಕ್ಕ. ಅವರ ಮಷೀನಿಗೆ ಹಾಕುವ ಹಾಳಿ 13×19 ಇಂಚು. ಎ4 ಅಡ್ಡ ಪುಸ್ತಕಕ್ಕೆ ಸೆಂಟರ್ ಪಿನ್ (ಹಾಳಿ ನಡುವೆ ಮಡಿಸಿ ಮಡಿಕೆಗೆ ಹಾಕುವ ಪಿನ್) ಹೊಡೆಯಬೇಕೆಂದರೆ ಬಿಚ್ಚಿದ ಜೋಡಿಪುಟ 594 ಮಿ.ಮೀ. ಅಗಲ ಆಗುತ್ತದೆ, ಹಾಳಿಯ ಉದ್ದ ಬದಿಯೇ 482 ಮಿ.ಮೀ. ಚಿಲ್ಲರೆ. ಕೂರುವುದಿಲ್ಲ. ವೈರೊ (ತಂತಿ ಸುರುಳಿಯ ಬೈಂಡಿಂಗ್) ಹಾಕಬಹುದು, ಇಲ್ಲವೇ ಎ5 ಅಡ್ಡ ಮಾಡಬಹುದು. ಎ5 ಆದರೆ ಒಂದು ಹಾಳಿಯಲ್ಲಿ ಎರಡು ಜೋಡಿ ಕೂರುತ್ತವೆ, ಖರ್ಚೂ ಕಡಿಮೆ. ಮಡಿಸಿದ ಒಂದು ಜೋಡಿಗೆ ಹಿಂದೆ ಮುಂದೆ ಸೇರಿ ನಾಲ್ಕು ಪುಟ, ಹಾಗಾಗಿ ಪುಟ ಮಾತ್ರ ನಾಲ್ಕರ ಲೆಕ್ಕದಲ್ಲಿರಬೇಕು. "ಹದಿನಾರು ಮಾಡ, ಸಾಕು" ಅಂದರು. ಹದಿನಾರಕ್ಕೆ ಇಳಿಸುವುದೆಂದರೆ ಇಪ್ಪತ್ತೆರಡು ಪುಟ ಕಿತ್ತು ಹಾಕುವುದು. ಅವತ್ತು ರಾತ್ರಿ ಬೆಳಗಾವಿಯ ಶಹಾಪುರದಲ್ಲಿ ಅತ್ತೆಯ ಮನೆಯಲ್ಲಿ ಕೂತು ಕಿತ್ತೆ. ಕಾಫಿ ಅಂಗಡಿ ಪೂರ್ತಿ ಹೋಯಿತು. ಅಳತೆ ಇಳಿಸಿದ್ದಕ್ಕೆ 9 ಪಾಯಿಂಟಿನ ಅಕ್ಷರ ಆರೂ ಚಿಲ್ಲರೆಗೆ ಬಂದು ಒತ್ತಕ್ಷರ ಓದಲು ಆಗದಂತಾಯಿತು. ಹಾಗಾಗಿ ಪ್ರತಿ ಚಿತ್ರದ ಕೆಳಗಿನ ಐದು ಸಾಲನ್ನು ಎರಡಕ್ಕೆ ಇಳಿಸಿ, ಅಕ್ಷರ ಮತ್ತೆ 9ಕ್ಕೆ ಏರಿಸಿದೆ.

ಮರುದಿನ ಪ್ರೂಫ್ ತೆಗೆದಾಗ ಕಾಕಾ ಕನ್ನಡಕ ಹಣೆಗೇರಿಸಿ, ಹಾಳಿಯನ್ನು ಕಣ್ಣ ಹತ್ತಿರ ಹಿಡಿದು ಬೆರಳಿಟ್ಟರು. 'ಆಮಂತ್ರಣ ಪತ್ರಿಕೆ' ಇರಬೇಕಾದಲ್ಲಿ 'ಆಮಂತ್‌ರಣ ಪತ್‌ರಿಕೆ' ಅಂತ ಬಂದಿತ್ತು. ಪ್ರೆಸ್ಸಿನಲ್ಲಿ ಕೋರೆಲ್‌ಡ್ರಾ, ನುಡಿ ಫಾಂಟು ಬಳಸಿ ರೂಢಿ. ಪೋರ್ಟ್‌ಫೋಲಿಯೊಗೆ ಪುಟ ಜೋಡಿಸುವ ಇನ್‌ಡಿಸೈನ್ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ಅಕ್ಷರ ಹಾಕಿದ್ದೆ, ಒತ್ತು ಒಡೆದದ್ದು ಕಣ್ಣಿಗೆ ಬಿದ್ದೇ ಇರಲಿಲ್ಲ. ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೆನುವಿನಲ್ಲಿ 'ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್' (ಕನ್ನಡದಂಥ ಲಿಪಿಯ ಒತ್ತು ಸರಿಯಾಗಿ ಕೂಡಿಸುವ ಆಯ್ಕೆ) ಆರಿಸಿದರೆ ಸರಿಹೋಗುತ್ತದೆ, ಅರ್ಧ ನಿಮಿಷದ ಕೆಲಸ. ಸಂದರ್ಶನ ಇಂಗ್ಲಿಷಿನಲ್ಲೇ ನಡೆಯುತ್ತದೆ, ಯಾರು ಗಮನಿಸುತ್ತಾರೆ ಅಂದುಕೊಂಡಿದ್ದೆ. ಕಾಕಾ ಅಂದರು, "ಕನ್ನಡ ಓದಾಂವ ಒಬ್ಬ ಅಲ್ಲಿ ಕುಂತಿದ್ದ ಅಂದ್ರ, ನಿನ್ನ ಉಳದ ಪುಟ ಅಂವ ನೋಡೂದಿಲ್ಲ." ಕನ್ನಡ ಅಕ್ಷರ ಕೂಡಿಸುವುದು ನನ್ನ ಕೈಯಲ್ಲಿರುವ ದೊಡ್ಡ ವಿದ್ಯೆ. ಅದನ್ನೇ ತಪ್ಪಾಗಿ ಅಚ್ಚು ಹಾಕಿಸಲು ಹೊರಟಿದ್ದೆನಲ್ಲ ಅಂತ ಭಾಳ ಕೆಟ್ಟೆನಿಸಿತು.

ಇನ್ನೊಂದು ಮಾತು ಕೇಳಿದರು, "ಈ ಫೋಟೊ ನೀನ ತಗದಿಯೇನು?" ಫೋಟೊ ನಮ್ಮ ಪ್ರೆಸ್ಸಿನ ಹುಡುಗ ತೆಗೆದದ್ದು. ಅದನ್ನು ಬರೆದೆ: ಡಿಸೈನ್ ನನ್ನದು, ಫೋಟೊ ಸಹೋದ್ಯೋಗಿಯದು. ಪ್ರೆಸ್ಸಿನ ಮಾಲೀಕರಿಗೂ ಫೋನ್ ಮಾಡಿ ಒಪ್ಪಿಗೆ ಕೇಳಿದೆ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದ ಇರದಿದ್ದರೆ, ಸಂಬಳಕ್ಕಿದ್ದು ಮಾಡಿದ ಕೆಲಸದ ಹಕ್ಕು ಮಾಲೀಕರದೇ. "ತೋರಸವಾ, ನಮ್ಮ ಪ್ರೆಸ್ಸಿನ ಹೆಸರ ಹಾಕ" ಅಂದರು ಅವರು.

ಅಚ್ಚಿನ ಗುಣಮಟ್ಟ ಚಲೋ ಇದೆ. ಒಳಪುಟ 170 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ) ಮ್ಯಾಟ್ ಆರ್ಟ್ ಪೇಪರ್, ಕವರು 300 ಜಿಎಸ್‌ಎಂ ಕಾರ್ಡು. ಪರದೆಯ ಮೇಲೆ ಉರಿಯುತ್ತಿದ್ದ ಕೇಸರಿ ಕಾಗದದ ಮೇಲೆ ಇಟ್ಟಿಗೆ ಬಣ್ಣವಾಗಿ ಬಂತು. ಆರ್‌ಜಿಬಿಯಲ್ಲಿ (ಪರದೆಯ ಬಣ್ಣಪದ್ಧತಿ) ಮಾಡಿದ್ದು ನನ್ನ ತಪ್ಪು, ಸಿಎಂವೈಕೆಗೆ (ಅಚ್ಚಿನ ಬಣ್ಣಪದ್ಧತಿ) ತಿರುಗಿಸಿ ಕೆಂಪು ತುಸು ಇಳಿಸಿ ಇನ್ನೊಂದು ಪ್ರೂಫ್ ತೆಗೆದುಕೊಟ್ಟರು.

ಕೊರತೆಯೂ ಇದೆ. ಎರಡು ದಿನ ಅಂದವರು ನಾಲ್ಕು ದಿನ ತೆಗೆದುಕೊಂಡರು. ಸಂದರ್ಶನದ ಹಿಂದಿನ ಸಂಜೆಯವರೆಗೂ ನನಗೆ ಜೀವ ಹಿಡಿದುಕೊಂಡಂತಿತ್ತು. ಮೊದಲ ಪ್ರತಿಯ ಕವರನ್ನು ಕ್ರೀಸ್ (ಮಡಿಸುವ ಮೊದಲು ಒತ್ತುವ ಗೆರೆ) ಹಾಕದೆ ಮಡಿಸಿದ್ದರಿಂದ ಬೆನ್ನಿನ ಮೇಲೆ ಬಿಳಿ ಬಿರುಕು ಬಿಟ್ಟಿತು. ತೋರಿಸಿದ ಕೂಡಲೇ, ಒಂದು ಮಾತೂ ಆಡದೆ, ದುಡ್ಡು ಕೇಳದೆ ಹೊಸದು ಮಾಡಿಕೊಟ್ಟರು. ಮೂರು ಪ್ರತಿಗೆ 720 ರೂಪಾಯಿ ಆಯಿತು. ಪುಟ ನೋಡಿ ಹೇಳಿದ್ದಕ್ಕೆ ಏನೂ ತೆಗೆದುಕೊಳ್ಳಲಿಲ್ಲ.

ಸಂದರ್ಶನದಲ್ಲಿ ಇಬ್ಬರಿದ್ದರು. ಮೊದಲ ಪುಟದ ಕರದಂಟಿನ ಡಬ್ಬಿಯಲ್ಲೇ ಇಪ್ಪತ್ತು ನಿಮಿಷ ಹೋಯಿತು. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಡಬ್ಬಿ ಒಂದರ ಮೇಲೊಂದು ಒಟ್ಟಿರುತ್ತಾರೆ, ಗಿರಾಕಿಗೆ ಕಾಣುವುದು ಪಕ್ಕದ ಒಂದೂವರೆ ಇಂಚಿನ ಪಟ್ಟಿ ಮಾತ್ರ. ಹಳೆಯ ಡಬ್ಬಿಯಲ್ಲಿ ಆ ಪಟ್ಟಿಯ ತುಂಬ ವಿಳಾಸ, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ) ನಂಬರು ಇತ್ತು. ನಾನು ಅವನ್ನು ಹಿಂಬದಿಗೆ ಕಳಿಸಿ ಹೆಸರನ್ನು ಪಟ್ಟಿಗೆ ತಂದಿದ್ದೆ. ಇದನ್ನು ಹೇಳಿದಾಗ ಅವರಲ್ಲೊಬ್ಬರು ಎದ್ದುಹೋಗಿ ತಮ್ಮ ಚಿಕ್ಕಿಯ ಡಬ್ಬಿ ತಂದು ನನ್ನ ಮುಂದಿಟ್ಟು, ಇದರಲ್ಲಿ ಏನು ಬದಲಿಸುತ್ತೀ ಅಂತ ಕೇಳಿದರು. ಈಗ ಅಲ್ಲೇ ಕೆಲಸಕ್ಕಿದ್ದೇನೆ.

ಹೋಗುವವರು ಪಿಡಿಎಫ್ ಒಂದೇ ಒಯ್ಯಬೇಡಿ, ಮೂಲ ಫೈಲು, ಫಾಂಟು ಎರಡೂ ಇರಲಿ. ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸಿಹೋಗುವ ಹೆಚ್ಚುವರಿ ಅಂಚು) ಬಿಡಿ. ಲಗ್ನದ ಹಂಗಾಮಿನಲ್ಲಿ ಹೋದರೆ ಪತ್ರಿಕೆಯ ರಾಶಿಯ ನಡುವೆ ನಿಮ್ಮದು ವಾರಗಟ್ಟಲೆ ಕೂರುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಬಾಗಿಲು ತೆಗೆಯುತ್ತಾರೆ, ಆ ಹೊತ್ತಿಗೆ ಹೋದರೆ ಪುಟ ನೋಡುವಷ್ಟು ಪುರಸೊತ್ತು ಕಾಕಾಗೆ ಇರುತ್ತದೆ.