ಹುಲಿಯ ಯಾವ ಪುಟದಲ್ಲಿ? ಓದುಕೂಟಕ್ಕೆ ಕಾಗದವೋ, ಫೋನೋ, ಆಡಿಯೊವೋ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅಚ್ಚಾದ ಪುಸ್ತಕಕ್ಕೆ. ಅದೂ ಹೊಸ ಮುದ್ರಣಕ್ಕೆ. ಅದೂ ಕೂಟದವರೆಲ್ಲ ಒಂದೇ ಸಲ, ಒಂದೇ ಅಂಗಡಿಯಿಂದ ತರಿಸಿಕೊಂಡ ಪ್ರತಿಗೆ. ಇಷ್ಟು ಅರ್ಥವಾಗೋಕೆ ನನಗೆ ಒಂದು ವರ್ಷ ಹಿಡಿಯಿತು. ಜೊತೆಗೆ 180 ರೂಪಾಯಿ ದಂಡ.

ನಮ್ಮದು ಆರು ಜನರ ಓದುಕೂಟ. ಮೈಸೂರಿನ ಸರಸ್ವತಿಪುರಂನಲ್ಲಿ ಒಬ್ಬರ ಮನೆಯ ವರಾಂಡ, ತಿಂಗಳಿಗೊಂದು ಭಾನುವಾರ, ಸಂಜೆ ನಾಲ್ಕರಿಂದ ಆರು. ಆರಕ್ಕೆ ಸರಿಯಾಗಿ ಕಾಫಿ ಬರುತ್ತದೆ. ಕಾಫಿ ಬಂದಮೇಲೆ ಕಾದಂಬರಿಯ ಕಥೆ ಮುಗಿದ ಹಾಗೆ, ಮಾತು ಮಗಳ ಮದುವೆ, ಮಂಡಿನೋವು ಅಂತ ಎಲ್ಲೆಲ್ಲಿಗೋ ಹೋಗುತ್ತದೆ. ಹಾಗಾಗಿ ನಮಗೆ ಸಿಗೋದು ಎರಡೇ ಗಂಟೆ. ನಾನು ದಿನಾ ರೈಲಿನಲ್ಲಿ ಮಂಡ್ಯಕ್ಕೆ ಹೋಗಿಬರುವವನು, ಓದೋದೆಲ್ಲ ರೈಲಿನಲ್ಲೇ. ಹೋಗುವಾಗ ಸೀಟು ಸಿಗುತ್ತದೆ, ಬರುವಾಗ ಸಿಗುವುದಿಲ್ಲ. ಪುಸ್ತಕಕ್ಕೆ ಅಂತ ತಿಂಗಳಿಗೆ ಐನೂರು ರೂಪಾಯಿ ತೆಗೆದಿಡುತ್ತೇನೆ, ಅದನ್ನು ದಾಟಿದರೆ ಮನೆಯಲ್ಲಿ ಲೆಕ್ಕ ಒಪ್ಪಿಸಬೇಕು.

ಹೋದ ಮಳೆಗಾಲದಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದೋಣ ಅಂತಾಯಿತು. 1967ರ ಕಾದಂಬರಿ, ಏಳುನೂರು ಪುಟ ದಾಟುತ್ತದೆ. ಒಂದು ತಿಂಗಳಿಗೆ ಆಗೋ ಮಾತಲ್ಲ, ಎರಡು ತಿಂಗಳು ತಗೊಳ್ಳೋಣ ಅಂದರು. ಯಾವ ಪ್ರತಿ, ಯಾವ ಮುದ್ರಣ ಅಂತ ಯಾರೂ ಮಾತಾಡಲಿಲ್ಲ. ಯಾವುದಾದರೇನು, ಅದೇ ಕಥೆ ತಾನೇ?

ನಾನು ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆಯಲ್ಲಿ ಹಳೇ ಪ್ರತಿಯೊಂದನ್ನು 180 ರೂಪಾಯಿಗೆ ತಂದೆ. ಚೌಕಾಸಿ ಮಾಡಿ ಗೆದ್ದೆ ಅಂತ ಹಿಗ್ಗಿದ್ದೇ ಹಿಗ್ಗು. ಕಂದುಬಣ್ಣಕ್ಕೆ ತಿರುಗಿದ ಹಾಳೆ, ಮೊದಲ ಪುಟದಲ್ಲಿ ನೀಲಿ ಶಾಯಿಯಲ್ಲಿ ಯಾರದೋ ಹೆಸರು, ಮೂಗಿಗೆ ಹಿಡಿದರೆ ಹಳೇ ಟ್ರಂಕಿನ ವಾಸನೆ. ಇದೆಲ್ಲ ಚೆನ್ನಾಗಿಯೇ ಇತ್ತು. ಅರ್ಧ ದಾಟಿದ ಮೇಲೆ ಒಂದು ಸಂಜೆ, ಮಂಡ್ಯ ಬಿಟ್ಟು ಇನ್ನೂ ಪಾಂಡವಪುರ ಬಂದಿಲ್ಲ, ಈಗಷ್ಟೇ ಓದಿದ ಪುಟ ಮತ್ತೆ ಬಂತು. ನಿದ್ದೆಗಣ್ಣಿರಬೇಕು ಅಂದುಕೊಂಡೆ. ಅಲ್ಲ. ಹದಿನಾರು ಪುಟದ ಒಂದು ಫಾರಂ, ಅಂದರೆ ಒಟ್ಟಿಗೆ ಮಡಿಸಿ ಹೊಲಿಯುವ ಕಟ್ಟು, ಎರಡು ಸಲ ಹೊಲಿದಿದ್ದರು, ಅದರ ಮುಂದಿನ ಫಾರಂ ಇರಲೇ ಇಲ್ಲ. ಬೈಂಡಿಂಗಿನವರ ಕೈತಪ್ಪು. ನೀಲಿ ಶಾಯಿಯ ಮಹಾಶಯರು ಯಾಕೆ ಮಾರಿದರು ಅಂತ ಆಗ ಗೊತ್ತಾಯಿತು.

ಆ ಹದಿನಾರು ಪುಟಕ್ಕಾಗಿ ಫೋನಿಗೆ ಇ-ಪುಸ್ತಕ ಕೊಂಡೆ. ನಿಂತುಕೊಂಡು ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಫೋನು ಹಿಡಿದು ಓದೋಕೆ ಅದು ನಿಜಕ್ಕೂ ಸಲೀಸು. ಅಕ್ಷರ ದೊಡ್ಡದು ಮಾಡಬಹುದು, ಸುರಂಗದಂಥ ಬೋಗಿಯಲ್ಲೂ ಓದಬಹುದು. ಬರುವಾಗಿನ ಓದೆಲ್ಲ ಫೋನಿನಲ್ಲೇ ಮುಗಿಸಿದೆ. ಇಲ್ಲಿಯವರೆಗೆ ಫೋನಿಗೇ ಗೆಲುವು.

ಆಮೇಲೆ ಆ ಭಾನುವಾರ ಬಂತು.

ಕಾದಂಬರಿ ಓದಿದವರಿಗೆ ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯನ ಬಗ್ಗೆ ಹೇಳಬೇಕಾಗಿಲ್ಲ. ಓದಿಲ್ಲದವರು ಈ ಸಾಲು ಬಿಟ್ಟು ಮುಂದೆ ಹೋಗಿ: ಕೊನೆಯ ಕಡೆ ತುಂಬಿದ ತುಂಗೆಯಲ್ಲಿ ಹುಲಿಯ ಕೊಚ್ಚಿಹೋಗುತ್ತದೆ. ನಮ್ಮ ಕೂಟದಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರಿದ್ದಾರೆ. ಮನುಷ್ಯರ ಕಷ್ಟಕ್ಕೆ ಕರಗದ ಅವರು ಆ ನಾಯಿಗಾಗಿ ಎರಡು ದಿನ ಊಟ ಸೇರದೆ ಒದ್ದಾಡಿದರಂತೆ. ‘ಹುಲಿಯ ಮೊದಲ ಸಲ ಬರೋ ಜಾಗ ಓದಿ, ಆಮೇಲೆ ಈ ಜಾಗ ಓದಿ, ಎರಡನ್ನೂ ಪಕ್ಕಪಕ್ಕ ಇಡಿ’ ಅಂದರು. ಒಳ್ಳೆಯ ಮಾತು. ಇಡೀ ಸಂಜೆಗೆ ಸಾಕಾಗುವಂಥ ಮಾತು. ಅವರು ತಮ್ಮ ಪ್ರತಿಯ ಪುಟದ ಸಂಖ್ಯೆ ಹೇಳಿದರು.

ನನ್ನ ಹಳೇ ಪ್ರತಿಯಲ್ಲಿ ಆ ಪುಟ ತೆಗೆದರೆ ಹೊಳೆಯೂ ಇಲ್ಲ, ನಾಯಿಯೂ ಇಲ್ಲ. ಪಕ್ಕದವರದು ಇನ್ನೊಂದು ಮುದ್ರಣ, ಅವರದರಲ್ಲಿ ಯಾರೋ ಎಲೆಯಡಿಕೆ ಹಾಕುತ್ತಿದ್ದರು. ಒಬ್ಬರ ಹತ್ತಿರ ಯಾರೋ ಸ್ಕ್ಯಾನ್ ಮಾಡಿ ವಾಟ್ಸ್ಆಪಿನಲ್ಲಿ ಕಳಿಸಿದ ಪಿಡಿಎಫ್. ಅದರಲ್ಲಿ ಪುಸ್ತಕದ ಪುಟ ಒಂದು, ಫೈಲಿನ ಪುಟ ಇನ್ನೊಂದು. ನಾನು ಫೋನು ತೆಗೆದೆ. ಅಲ್ಲಿ ಪುಟವೇ ಇಲ್ಲ, ಶೇಕಡಾ ಇದೆ. ‘ತೊಂಬತ್ತರ ಹತ್ತಿರ ಇರಬೇಕು’ ಅಂದೆ. ‘ತೊಂಬತ್ತನೇ ಪುಟಾನಾ?’ ಅಂತ ಯಾರೋ ಹಾಳೆ ತಿರುವಿದರು.

ಫೋನಿನಲ್ಲಿ ಹುಡುಕೋ ಸೌಲಭ್ಯ ಇದೆಯಲ್ಲ, ಅದನ್ನೇ ತೋರಿಸಿ ಜಂಬ ಪಡೋಣ ಅಂತ ‘ಹುಲಿಯ’ ಅಂತ ಟೈಪ್ ಮಾಡಿದೆ. ಮಲೆನಾಡಿನ ಕಾದಂಬರಿ ಸ್ವಾಮಿ! ಹುಲಿಯ ಹೆಜ್ಜೆ, ಹುಲಿಯ ಬಾಯಿ ಅಂತ ಕಾಡಿನ ಹುಲಿಗಳೆಲ್ಲ ಸಾಲುಗಟ್ಟಿ ಬಂದವು. ನಾಯಿ ಅವುಗಳ ನಡುವೆ ಎಲ್ಲೋ ಇತ್ತು. ಸರಿ, ‘ಗುತ್ತಿ’ ಅಂತ ಹುಡುಕಿದೆ. ಅವನು ಬರೋದು ಒಂದೆರಡು ಕಡೆಯಲ್ಲ, ಪಟ್ಟಿ ಮುಗಿಯಲೇ ಇಲ್ಲ. ನಡುವೆ ‘ಗುತ್ತಿಗೆ’ ಬೇರೆ. ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಂಡು ಕೂರುತ್ತದೆ, ಹುಡುಕೋ ಯಂತ್ರಕ್ಕೆ ನಾಯಿ ಯಾವುದು, ಷಷ್ಠಿ ಯಾವುದು ಅಂತ ಹೇಗೆ ಗೊತ್ತಾಗಬೇಕು? ಪಿಡಿಎಫ್‌ನವರು ಇನ್ನೊಂದು ಫೈಲಿನಿಂದ ಸಾಲನ್ನು ನಕಲು ಮಾಡಿ ಗುಂಪಿಗೆ ಹಾಕುತ್ತೇನೆ ಅಂದರು. ಹಾಕಿದರು. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬಂದು ಬಿತ್ತು. ‘ನುಡಿ’, ‘ಬರಹ’ ಅನ್ನೋ ಕನ್ನಡ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ ಕಂಪೋಸ್ ಮಾಡಿದ ಫೈಲುಗಳ ಹಣೆಬರಹ ಅದು. ಕಣ್ಣಿಗೆ ಕಾಣೋದು ಕನ್ನಡ, ಒಳಗೆ ಇರೋದು ಇಂಗ್ಲಿಷ್ ಅಕ್ಷರಗಳ ಜಾಗ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಅಲ್ಲದಿದ್ದರೆ ನಕಲೂ ಆಗಲ್ಲ, ಹುಡುಕೋಕೂ ಆಗಲ್ಲ.

ನಾಲ್ಕೂವರೆಗೆ ಶುರುವಾದ ಹುಡುಕಾಟ ಮುಗಿದಾಗ ಐದೂಕಾಲು. ಅಷ್ಟೊತ್ತಿಗೆ ಬ್ಯಾಂಕಿನವರ ಕಣ್ಣಲ್ಲಿದ್ದ ನೀರು ಆರಿಹೋಗಿತ್ತು. ‘ಇರಲಿ ಬಿಡಿ, ಅಂಥದ್ದೇನಿಲ್ಲ’ ಅಂದರು. ಅವರು ಏನು ಹೇಳೋಕೆ ಹೊರಟಿದ್ದರು ಅಂತ ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ನನಗೆ ಸಿಟ್ಟು ಬಂದಿದ್ದು ಇದಕ್ಕೇ.

ಮನೆಗೆ ಬಂದು ನನ್ನ ಪ್ರತಿಯ ತಾಂತ್ರಿಕ ವಿವರದ ಪುಟ ನೋಡಿದೆ. ನಾವ್ಯಾರೂ ಓದದ ಪುಟ ಅದು. ಪುಸ್ತಕದ ಅಳತೆ ಕ್ರೌನ್ 1/8 ಅನ್ನೋದೋ ಡೆಮಿ 1/8 ಅನ್ನೋದೋ, ಕಾಗದ ಎಷ್ಟು ಜಿಎಸ್‌ಎಂ (ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ತೂಕ), ಎಷ್ಟನೇ ಮುದ್ರಣ, ಎಷ್ಟು ಪುಟ, ಎಲ್ಲ ಅಲ್ಲೇ ಇರುತ್ತದೆ. ಕ್ರೌನಿಗಿಂತ ಡೆಮಿ ದೊಡ್ಡದು, ಒಂದು ಪುಟಕ್ಕೆ ಸಾಲು ಜಾಸ್ತಿ ಹಿಡಿಸುತ್ತದೆ. ಹಿಂದೆ ಅಚ್ಚುಮೊಳೆ ಜೋಡಿಸಿದ ಪುಸ್ತಕವನ್ನು ಆಮೇಲೆ ಕಂಪ್ಯೂಟರಿನಲ್ಲಿ ಹೊಸದಾಗಿ ಕಂಪೋಸ್ ಮಾಡಿದರೆ ಪುಟಗಳೆಲ್ಲ ಜರುಗುತ್ತವೆ. ಏಳುನೂರು ಪುಟದ ಪುಸ್ತಕದಲ್ಲಿ ಪುಟಕ್ಕೆ ಎರಡು ಸಾಲು ವ್ಯತ್ಯಾಸವಾದರೂ ಕೊನೆಗೆ ಬರುವಾಗ ನಲವತ್ತು ಐವತ್ತು ಪುಟ ಆಚೀಚೆ. ಒಬ್ಬರೇ ಓದುವಾಗ ಇದು ಯಾರಿಗೆ ಬೇಕು? ಆರು ಜನ ಕೂತಾಗ ಬೇಕು.

ಆವತ್ತಿನಿಂದ ನಮ್ಮ ನಿಯಮ: ಪುಟದ ಸಂಖ್ಯೆ ಹೇಳುವ ಹಾಗಿಲ್ಲ. ಅಧ್ಯಾಯದ ಸಂಖ್ಯೆ, ಆಮೇಲೆ ಪ್ಯಾರಾದ ಮೊದಲ ಎರಡು ಪದ. ಮುದ್ರಣ ಒಂದೇ ಆಗಿದ್ದರೆ ಈ ಕಷ್ಟವೂ ಇಲ್ಲ.

ಆಡಿಯೊ ಕೂಡ ಪರೀಕ್ಷೆ ಮಾಡಿದ್ದೇನೆ. ತೇಜಸ್ವಿಯವರ ‘ಕರ್ವಾಲೊ’ವನ್ನು ಒಂದು ಆಪ್‌ನಲ್ಲಿ ಪಾತ್ರೆ ತೊಳೆಯುತ್ತಾ ಕೇಳಿದೆ. ಆಡುಮಾತು ಕಿವಿಗೆ ಬಿದ್ದರೆ ಎಷ್ಟು ಚೆಂದ! ಆದರೆ ಆಡಿಯೊದಲ್ಲಿ ಓದಿದವರು ಕಾದಂಬರಿಯ ಹಳ್ಳಿ ಹುಡುಗ ಮಂದಣ್ಣನ ಮಾತನ್ನೆಲ್ಲ ಕೊಂಚ ಹಾಸ್ಯಕ್ಕೆ ಎಳೆದಿದ್ದರು. ನನ್ನ ತಲೆಯಲ್ಲಿ ಮಂದಣ್ಣ ಒಬ್ಬ ಪೆದ್ದನಾಗಿ ಕೂತುಬಿಟ್ಟ. ಕೂಟದಲ್ಲಿ ಉಳಿದವರು ಅವನನ್ನು ಆ ಕಾಡಿನ ವಿಷಯದಲ್ಲಿ ಎಲ್ಲರಿಗಿಂತ ಬುದ್ಧಿವಂತ ಅಂತ ಓದಿಕೊಂಡು ಬಂದಿದ್ದರು. ಮತ್ತೆ ಪುಸ್ತಕ ತೆಗೆದು ನೋಡಿದರೆ ಅವರೇ ಸರಿ. ಅವನ ಮಾತಿಗೆ ದನಿ ಕೊಡುವ ಕೆಲಸ ನನ್ನದಾಗಿತ್ತು, ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದೆ. ಇನ್ನು ಚರ್ಚೆಯ ನಡುವೆ ಆಡಿಯೊದಲ್ಲಿ ಒಂದು ಸಾಲು ಹುಡುಕೋದು ದೇವರಿಗೇ ಪ್ರೀತಿ. ಎರಡನೇ ಓದಿಗೆ ಇಟ್ಟುಕೊಳ್ಳಿ.

ಇಂಗ್ಲಿಷ್ ಅನುವಾದವನ್ನು ನಾನು ತಾತ್ಸಾರ ಮಾಡುತ್ತಿದ್ದೆ, ತಪ್ಪಾಯಿತು. ನಮ್ಮಲ್ಲಿ ಒಬ್ಬರು ಪುಣೆಯಲ್ಲಿ ಬೆಳೆದವರು. ಕನ್ನಡ ಅರಳು ಹುರಿದ ಹಾಗೆ ಮಾತಾಡುತ್ತಾರೆ, ಓದೋಕೆ ಬರುವುದಿಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ ಇಟ್ಟುಕೊಂಡಾಗ ಅವರು ಎ.ಕೆ. ರಾಮಾನುಜನ್ ಅವರ 1976ರ ಅನುವಾದ ತಂದರು. ಅದರಲ್ಲಿ ಹೆಸರನ್ನು ಅನುವಾದ ಮಾಡದೆ ಹಾಗೇ ಉಳಿಸಿದ್ದಾರೆ. ಶುರುವಿನಲ್ಲಿ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಿಂದ ‘ಸಂಸ್ಕಾರ’ ಪದದ ಅರ್ಥಗಳನ್ನು ಅಚ್ಚು ಹಾಕಿದ್ದಾರೆ. ಪುಣೆಯವರು ಒಂದೊಂದೇ ಅರ್ಥ ಓದಿ ‘ಇದರಲ್ಲಿ ಕಥಾನಾಯಕ ಪ್ರಾಣೇಶಾಚಾರ್ಯರಿಗೆ ಆಗೋದು ಯಾವುದು?’ ಅಂತ ಕೇಳಿದರು. ಕನ್ನಡದಲ್ಲಿ ಓದಿದ ನಾವು ಐದು ಜನ ಮುಖ ಮುಖ ನೋಡಿಕೊಂಡೆವು. ನಮಗೆ ಆ ಪದ ಗೊತ್ತು ಅಂತಲೇ ಇದ್ದೆವು. ಆವತ್ತು ಕಾಫಿ ಆರಿಹೋಯಿತು. ಕೂಟದಲ್ಲಿ ಒಬ್ಬರ ಕೈಯಲ್ಲಾದರೂ ಅನುವಾದ ಇರಲಿ. ಎಲ್ಲರ ಕೈಯಲ್ಲೂ ಬೇಡ.

ಲೈಬ್ರರಿ ಪುಸ್ತಕ? ಪುಕ್ಕಟೆ. ಆದರೆ ಪೆನ್ಸಿಲ್ ಆಡಿಸೋ ಹಾಗಿಲ್ಲ, ಆರು ಪ್ರತಿಯಂತೂ ಸಿಗುವುದಿಲ್ಲ.

ಹಾಗಾಗಿ ನನ್ನ ಲೆಕ್ಕ ಹೀಗಿದೆ. ಕೂಟದ ಕಾದಂಬರಿಗೆ ಹೊಸ ಪ್ರತಿ. ಆರೂ ಜನ ಒಟ್ಟಿಗೆ ಕೊಂಡರೆ ನಮ್ಮ ಅಂಗಡಿಯವರು ಶೇಕಡಾ ಹತ್ತು ಬಿಡುತ್ತಾರೆ, ನನ್ನ ಐನೂರರೊಳಗೆ ಹೆಚ್ಚುಕಮ್ಮಿ ಮುಗಿಯುತ್ತದೆ. ಬೆಳಗಿನ ರೈಲಿನಲ್ಲಿ ಪುಸ್ತಕ, ಪೆನ್ಸಿಲ್, ಅಂಚಿನಲ್ಲಿ ಒಂದು ಗೀಟು. ಸಂಜೆ ನಿಂತು ಬರುವಾಗ ಸುಮ್ನೆ ಕಿಟಕಿಯಾಚೆ ನೋಡುತ್ತೇನೆ. ನಿಮಗೆ ದಿನಾ ಎರಡು ಗಂಟೆ ಬಸ್ಸಿನಲ್ಲಿ ನಿಂತೇ ಹೋಗಬೇಕು ಅನ್ನೋದಾದರೆ ಫೋನೇ ಸರಿ, ನನ್ನ ಮಾತು ಕೇಳಬೇಡಿ. ಯೂನಿಕೋಡ್ ಪುಸ್ತಕವಾ ಅಂತ ಮಾತ್ರ ಕೊಳ್ಳುವ ಮುಂಚೆ ಮಾದರಿ ಪುಟದಲ್ಲಿ ಒಂದು ಪದ ಹುಡುಕಿ ನೋಡಿ. ನಾಯಿಯ ಹೆಸರು ಬೇಡ.

ಮುಂದಿನ ತಿಂಗಳು ಕಾರಂತರ ‘ಮರಳಿ ಮಣ್ಣಿಗೆ’. ಪ್ರತಿಗಳು ಬಂದಿವೆ, ಎಲ್ಲರದೂ ಒಂದೇ ಮುದ್ರಣ ಅಂತ ತಾಂತ್ರಿಕ ವಿವರದ ಪುಟ ತಿರುವಿ ನೋಡಿದ್ದೂ ಆಯಿತು. ಬ್ಯಾಂಕಿನವರು ಮಾತ್ರ ಹೊಸದು ಬೇಡ ಅಂದರು. ಅವರ ಮನೆಯಲ್ಲಿ ಅಪ್ಪನ ಕಾಲದ ಪ್ರತಿ ಇದೆಯಂತೆ, ಅಂಚಿನ ತುಂಬಾ ಅಪ್ಪನ ಕೈಬರಹವಂತೆ. ಒಂದು ಕ್ಷಣ ಎಲ್ಲರೂ ನನ್ನ ಮುಖ ನೋಡಿದರು. ಅದನ್ನೇ ತನ್ನಿ ಸಾರ್ ಅಂದೆ. ಅವರು ಓದಲಿ, ಪುಟ ನಾವು ಹುಡುಕಿಕೊಳ್ಳುತ್ತೇವೆ.