ಫೈನಾನ್ಸ್ ಸಾಲ, ಸಂಘದ ಸಾಲ: ಎರಡನ್ನೂ ತೆಗೆದುಕೊಂಡವಳ ಮಾತು

2022ರ ಜೂನ್‌ನಲ್ಲಿ ಒಂದು ಮೈಕ್ರೋಫೈನಾನ್ಸ್ ಕಂಪನಿಯಿಂದ 40,000 ರೂಪಾಯಿ ಸಾಲ ತೆಗೆದುಕೊಂಡೆ. 2025ರ ಶುರುವಿನಲ್ಲಿ ನಮ್ಮ ಬೀದಿಯ ಸ್ವಸಹಾಯ ಸಂಘದಿಂದ ಅಷ್ಟೇ ಹಣ ತೆಗೆದುಕೊಂಡೆ. ಎರಡೂ ಕಡೆ ಏನೇನಾಯಿತು ಅಂತ ಲೆಕ್ಕ ಸಮೇತ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹೇಳುವುದಿಲ್ಲ. ಹೆಸರು ಬದಲಾದರೂ ಪದ್ಧತಿ ಹೆಚ್ಚು ಕಡಿಮೆ ಒಂದೇ.

ನಮ್ಮದು ಮಂಡ್ಯ ಜಿಲ್ಲೆಯ ಹಳ್ಳಿ. ನಾನು ಬಟ್ಟೆ ಹೊಲಿಯುತ್ತೇನೆ. ಯಜಮಾನರದು ಲಗೇಜ್ ಆಟೊ, ಆಲೆಮನೆಯಿಂದ ಬೆಲ್ಲ ಸಾಗಿಸುವುದೇ ಹೆಚ್ಚು. ನನಗೆ ಮೋಟಾರ್ ಹಾಕಿದ ಮಿಷನ್ ಮತ್ತು ಓವರ್‌ಲಾಕ್ ಮಿಷನ್ ಬೇಕಿತ್ತು. ಸಂಘದಲ್ಲಿ ಆಗ ಐದು ಸಾವಿರ, ಹತ್ತು ಸಾವಿರಕ್ಕಿಂತ ಜಾಸ್ತಿ ಕೊಡುತ್ತಿರಲಿಲ್ಲ. ಬ್ಯಾಂಕಿಗೆ ಹೋದರೆ ಜಾಮೀನು, ಪಹಣಿ ಅಂತ ಕೇಳುತ್ತಾರೆ, ಪಹಣಿ ಮಾವನ ಹೆಸರಲ್ಲೇ ಇದೆ.

ಮೊದಲು ಫೈನಾನ್ಸ್ ಸಾಲದ ಒಳ್ಳೆಯದನ್ನು ಹೇಳಿಬಿಡುತ್ತೇನೆ, ಅದು ನಿಜವಾಗಿ ಒಳ್ಳೆಯದೇ. ಅರ್ಜಿ ಕೊಟ್ಟು ಒಂದು ವಾರದೊಳಗೆ ಹಣ ಖಾತೆಗೆ ಬಂತು. ಯಾರ ಬಾಗಿಲಲ್ಲೂ ನಿಲ್ಲಬೇಕಾಗಲಿಲ್ಲ. ಬಂದ ಹುಡುಗ ಅಕ್ಕ ಅಕ್ಕ ಅಂತ ಮರ್ಯಾದೆಯಿಂದ ಮಾತಾಡಿದ, ನನ್ನ ಹೆಸರಿಗೆ ಸಾಲ ಕೊಟ್ಟ, ಗಂಡನ ಸಹಿ ಇಲ್ಲದೆ ಹೆಂಗಸಿಗೆ ಯಾರೂ ಏನೂ ಕೊಡದ ಊರಲ್ಲಿ ಅದು ಸಣ್ಣ ವಿಷಯ ಅಲ್ಲ. ಆ ಹುಡುಗನೂ ಪಕ್ಕದ ತಾಲ್ಲೂಕಿನ ಬಡವರ ಮನೆಯವನೇ. ತಿಂಗಳಿಗೆ ಇಷ್ಟು ವಸೂಲಿ ಆಗಬೇಕು ಅಂತ ಅವನ ತಲೆಯ ಮೇಲೂ ಲೆಕ್ಕ ಇತ್ತು.

ಈಗ ಹಣದ ಲೆಕ್ಕ. ಬಡ್ಡಿ ವರ್ಷಕ್ಕೆ 24 ಪರ್ಸೆಂಟ್, ಅಂದರೆ ತಿಂಗಳಿಗೆ ನೂರಕ್ಕೆ ಎರಡು. 24 ಕಂತು, ಒಂದೊಂದು 2,115 ರೂಪಾಯಿ. ಒಟ್ಟು 50,760. ಹಣ ಕೊಡುವಾಗಲೇ ಪ್ರೊಸೆಸಿಂಗ್ ಫೀಸು, ಇನ್ಶೂರೆನ್ಸು ಅಂತ 1,400 ಹಿಡಿದುಕೊಂಡರು. ಹಾಗಾಗಿ ಕೈಗೆ ಬಂದಿದ್ದು 38,600. ತೆಗೆದುಕೊಳ್ಳುವ ದಿನ ನಾನು ಕೇಳಿದ್ದು ಕಂತು ಎಷ್ಟು ಅಂತ ಮಾತ್ರ. ಬಡ್ಡಿ ಎಷ್ಟು ಅಂತ ಕೇಳಲೇ ಇಲ್ಲ. ನನ್ನ ಜೊತೆ ಗುಂಪಾಗಿ ಸಾಲ ತೆಗೆದುಕೊಂಡ ಹೆಂಗಸರು ಯಾರೂ ಕೇಳಲಿಲ್ಲ. ಸಾಲದ ಕಾರ್ಡಿನಲ್ಲಿ ಎಲ್ಲಾ ಬರೆದಿರುತ್ತಾರೆ, ದಯವಿಟ್ಟು ಓದಿಸಿಕೊಳ್ಳಿ.

ಆದರೂ ಬಡ್ಡಿಯೇ ಮುಖ್ಯ ತೊಂದರೆ ಅಂತ ನಾನು ಹೇಳುವುದಿಲ್ಲ. ಕೈಸಾಲ ಕೊಡುವವರು ನೂರಕ್ಕೆ ಹತ್ತು ಕೇಳುವ ಊರಲ್ಲಿ ನೂರಕ್ಕೆ ಎರಡು ಅಗ್ಗವೇ. ತೊಂದರೆ ಇರುವುದು ಬೇರೆ ಕಡೆ. ನನ್ನ ಹೊಲಿಗೆಗೆ ಶ್ರಾವಣ, ಗೌರಿ ಹಬ್ಬ, ದೀಪಾವಳಿ, ಮದುವೆ ಕಾಲದಲ್ಲಿ ರಾತ್ರಿ ಹನ್ನೊಂದರವರೆಗೆ ಕೆಲಸ. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ಒಂದು ರವಿಕೆಯೂ ಬರುವುದಿಲ್ಲ. ಕಂತಿಗೆ ಆಷಾಢ ಇಲ್ಲ. ಬಡವರ ದುಡಿಮೆ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ, ಅದು ಏರುಪೇರು ಅನ್ನುವುದನ್ನು ಹೇಳುವವರು ಕಡಿಮೆ. ಒಂದು ತಿಂಗಳು 12,000, ಮುಂದಿನ ತಿಂಗಳು 2,000. ಆ ಎರಡು ಸಾವಿರದ ತಿಂಗಳಲ್ಲೇ ನಾವು ಓಲೆ ಅಡ ಇಡುತ್ತೇವೆ, ಆಡು ಮಾರುತ್ತೇವೆ, ಮಗುವಿನ ಟ್ಯೂಷನ್ ಬಿಡಿಸುತ್ತೇವೆ. ಆಮೇಲೆ 12,000ದ ತಿಂಗಳು ಬಂದರೂ ಹೋಗಿದ್ದು ವಾಪಸ್ ಬರುವುದಿಲ್ಲ.

2023ರ ಫೆಬ್ರವರಿಯಲ್ಲಿ ಯಜಮಾನರ ಆಟೊ ಪಲ್ಟಿಯಾಗಿ ಕಾಲು ಮುರಿಯಿತು. ಆಸ್ಪತ್ರೆ ಖರ್ಚು ಬಿಪಿಎಲ್ ಕಾರ್ಡಿನ ಮೇಲೆ ಹೋಯಿತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಅದಿಲ್ಲದಿದ್ದರೆ ನಾವು ಅಲ್ಲೇ ಮುಗಿದು ಹೋಗುತ್ತಿದ್ದೆವು. ಆದರೆ ಕಾರ್ಡು ಆಪರೇಷನ್‌ಗೆ ಇದೆ, ಮನೆಯಲ್ಲಿ ಮಲಗಿದ ಮೂರು ತಿಂಗಳ ದುಡಿಮೆಗೆ ಇಲ್ಲ. ಆಟೊ ರಿಪೇರಿಗೂ ಇಲ್ಲ. ಅವರು ಎದ್ದು ಓಡಾಡುವಷ್ಟರಲ್ಲಿ ಆ ವರ್ಷದ ಮಳೆ ಕೈಕೊಟ್ಟಿತು, ಬರ ಬಂತು. ಕಬ್ಬಿಲ್ಲ, ಬೆಲ್ಲ ಇಲ್ಲ, ಬಾಡಿಗೆ ಇಲ್ಲ.

ಎಂಟು ಕಂತು ತಪ್ಪದೆ ಕಟ್ಟಿದ್ದೆ. ಒಂಬತ್ತನೆಯದು ತಪ್ಪಿತು. ನಾನು ವಿಮರ್ಶೆ ಬರೆಯುತ್ತಿರುವುದು ಆ ಒಂಬತ್ತನೇ ಕಂತಿನದು ಅಂದುಕೊಳ್ಳಿ. ಎಂಟು ಕಂತಿನವರೆಗೆ ಯಾವ ಸಾಲವಾದರೂ ಚೆನ್ನಾಗಿಯೇ ಇರುತ್ತದೆ.

ಗುಂಪು ಸಾಲದಲ್ಲಿ ಒಬ್ಬರು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಮೊದಲ ತಿಂಗಳು ಎಲ್ಲರೂ ಸೇರಿ ಕಟ್ಟಿದರು. ಎರಡನೇ ತಿಂಗಳು ಮುಖ ತಿರುಗಿಸಿದರು. ಮೂರನೇ ತಿಂಗಳು ಕಲೆಕ್ಷನ್‌ನವನು ಯಾರನ್ನೂ ಮನೆಗೆ ಹೋಗಲು ಬಿಡಲಿಲ್ಲ. ಐದು ಜನ ಹೆಂಗಸರನ್ನು ಕರೆದುಕೊಂಡು ಬಂದು ನಮ್ಮ ಜಗಲಿಯ ಮೇಲೆ ಕೂರಿಸಿದ. ರಾತ್ರಿ ಎಂಟಾಯಿತು. ಅವರ ಮನೆಯಲ್ಲಿ ಮಕ್ಕಳು ಊಟಕ್ಕೆ ಕಾಯುತ್ತಿದ್ದರು. ನನ್ನ ಜೊತೆ ಶಾಲೆಗೆ ಬಂದವಳೊಬ್ಬಳು, "ಅಕ್ಕಾ, ನಿನ್ನ ಕಂತು ನಾನು ಇನ್ನೆಷ್ಟು ಸಲ ಕಟ್ಟಲಿ?" ಅಂತ ಅತ್ತಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳೂ ಕೂಲಿಗೆ ಹೋಗುವವಳು. ಒಳಗೆ ಯಜಮಾನರು ಕಾಲಿಗೆ ಪಟ್ಟಿ ಕಟ್ಟಿಕೊಂಡು ಎಲ್ಲಾ ಕೇಳಿಸಿಕೊಳ್ಳುತ್ತಾ ಮಲಗಿದ್ದರು, ಎದ್ದು ಬರಲೂ ಆಗದೆ.

ಮರುದಿನ ಓಲೆ ಅಡ ಇಟ್ಟೆ. ಸಾಲಲಿಲ್ಲ. ಕೈಸಾಲದವರ ಹತ್ತಿರ ನೂರಕ್ಕೆ ಹತ್ತರಂತೆ 10,000 ತೆಗೆದುಕೊಂಡೆ. ತಿಂಗಳಿಗೆ ಬಡ್ಡಿಯೇ ಸಾವಿರ. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಅಂದರೆ ಏನು ಅಂತ ಆಗ ಗೊತ್ತಾಯಿತು. ಅದೇ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾಯಿತು, ತಿಂಗಳಿಗೆ 2,000. ನನ್ನ ಕಂತು 2,115. ಮನೆ ಯಜಮಾನಿಯ ಕೈಗೆ ಅಂತ ಬಂದ ಹಣ ನೇರ ಕಂತಿಗೆ ಹೋಗುತ್ತಿತ್ತು. ಆ ಯೋಜನೆಯನ್ನು ಬಿಟ್ಟಿ ಅಂತ ಆಡಿಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ನನ್ನ ಮನೆಯಲ್ಲಿ ಎರಡನೇ ಕೈಸಾಲ ಆಗದಂತೆ ತಡೆದಿದ್ದು ಆ ಎರಡು ಸಾವಿರ.

ನಿಯಮಗಳು ಇದ್ದವು ಅನ್ನುವುದು ನನಗೆ ಆಮೇಲೆ ಗೊತ್ತಾಯಿತು, ನಿಮಗೆ ಮೊದಲೇ ಗೊತ್ತಿರಲಿ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ, ಇಂಥ ಸಾಲಕ್ಕೆ ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ಫೋನು ಮಾಡಿ ಕಾಡುವಂತಿಲ್ಲ. ಇಬ್ಬರೂ ಒಪ್ಪಿದ ಜಾಗದಲ್ಲೇ ವಸೂಲಿ ಮಾಡಬೇಕು. ಆ ಜಾಗಕ್ಕೆ ನಾವು ಸತತ ಎರಡು ಸಲಕ್ಕೂ ಬರದಿದ್ದರೆ ಮಾತ್ರ ಮನೆಗೆ ಬರಬಹುದು. ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಈ ಅರ್ಧದ ಲೆಕ್ಕವನ್ನು ನನ್ನ ಹತ್ತಿರ ಯಾರೂ ಸರಿಯಾಗಿ ಕೇಳಲಿಲ್ಲ. ಆದಾಯ ಎಷ್ಟು ಅಂದರು, ಒಳ್ಳೆ ತಿಂಗಳದ್ದು ಹೇಳಿದೆ, ಬರೆದುಕೊಂಡರು.

2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು, ನಮ್ಮ ಮಂಡ್ಯ ಕಡೆಯೆಲ್ಲ ಸಾಲ ವಸೂಲಿಯವರ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಬಂತಲ್ವಾ, ಆಗ ನನಗೆ ಆಶ್ಚರ್ಯ ಆಗಲಿಲ್ಲ. ಹೊಟ್ಟೆ ಉರಿಯಿತು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಸಾಲ ವಸೂಲಿಗೆ ಬಲವಂತ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಒಳ್ಳೆಯದೇ. ಆದರೆ ಜಗಲಿಯ ಮೇಲೆ ಕೂತವರು ನಮ್ಮ ಅಕ್ಕಪಕ್ಕದವರೇ ಆಗಿರುವಾಗ ಯಾರ ಮೇಲೆ ದೂರು ಕೊಡುವುದು?

ಇನ್ನು ಸಂಘ. ಈ ಸ್ವಸಹಾಯ ಸಂಘ ಅನ್ನುವುದು ಹೊರಗಿನಿಂದ ಬಂದಿದ್ದಲ್ಲ, ನಮ್ಮ ರಾಜ್ಯಕ್ಕೆ ಇದರಲ್ಲಿ ದೊಡ್ಡ ಪಾಲಿದೆ. 1968ರಲ್ಲಿ ಟಿಬೆಟ್ ನಿರಾಶ್ರಿತರ ಪುನರ್ವಸತಿಗೆ ಅಂತ ಶುರುವಾದ ಮೈರಾಡಾ ಸಂಸ್ಥೆ 1980ರ ದಶಕದಲ್ಲಿ ಇಲ್ಲಿನ ಹಳ್ಳಿಗಳಲ್ಲಿ ಸಣ್ಣ ಸಣ್ಣ ಗುಂಪು ಕಟ್ಟಿತು. 1992ರಲ್ಲಿ ನಬಾರ್ಡ್ ಅನ್ನುವ ಕೃಷಿ, ಗ್ರಾಮೀಣ ಅಭಿವೃದ್ಧಿ ಬ್ಯಾಂಕು 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಮಾಡಿತು. ಆಮೇಲೆ ಸಂಘಗಳಿಗೆ ಅಂತ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು, ಈಗ ಸಂಜೀವಿನಿ ಯೋಜನೆ ಇದೆ.

ನಮ್ಮ ಸಂಘದಲ್ಲಿ 14 ಜನ. ಪ್ರತಿ ಶುಕ್ರವಾರ ಸಂಜೆ ಅಂಗನವಾಡಿ ಮುಂದೆ ಸೇರುತ್ತೇವೆ. ವಾರಕ್ಕೆ 50 ರೂಪಾಯಿ ಉಳಿತಾಯ. ಆ ಹಣ ಮತ್ತು ಬ್ಯಾಂಕ್ ಕೊಟ್ಟ ಸಾಲ ಸೇರಿಸಿ ನಮ್ಮಲ್ಲೇ ಹಂಚಿಕೊಳ್ಳುತ್ತೇವೆ. ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು, ಅದೂ ತೀರದೆ ಉಳಿದ ಅಸಲಿನ ಮೇಲೆ ಮಾತ್ರ. 40,000ವನ್ನು 24 ತಿಂಗಳಲ್ಲಿ ತೀರಿಸಿದರೆ ಬಡ್ಡಿ ಒಟ್ಟು 5,000. ಅದರಲ್ಲಿ ಬ್ಯಾಂಕಿನ ಪಾಲು ಕಳೆದು ಉಳಿದಿದ್ದು ಸಂಘದ ಹಣಕ್ಕೇ ಸೇರುತ್ತದೆ, ಅಂದರೆ ಸ್ವಲ್ಪ ನನ್ನದೂ ಹೌದು.

ಈ ಸಾಲದಲ್ಲೂ ಕಂತು ತಪ್ಪಿತು. ಕಳೆದ ಮಳೆಗಾಲದಲ್ಲಿ ನನಗೇ ಆಪರೇಷನ್ ಆಯಿತು, ಎರಡು ತಿಂಗಳು ಮಿಷನ್ ತುಳಿಯುವಂತಿಲ್ಲ ಅಂದರು. ಸಭೆಯಲ್ಲಿ ಹೇಳಿದೆ. ಸ್ವಲ್ಪ ಚರ್ಚೆ ಆಯಿತು, ಒಬ್ಬರು ಗೊಣಗಿದರು ಕೂಡ. ಕೊನೆಗೆ ಎರಡು ತಿಂಗಳು ಬರೀ ಬಡ್ಡಿ ಕಟ್ಟಲಿ, ಅಸಲು ಮುಂದಕ್ಕೆ ಹಾಕೋಣ ಅಂತ ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿದರು. ಅಷ್ಟೇ. ಮನೆಗೆ ಬಂದರು, ಆದರೆ ಮುದ್ದೆ ಸಾರು ತೆಗೆದುಕೊಂಡು ಬಂದರು.

ಎರಡೂ ಗುಂಪುಗಳಲ್ಲಿ ಇದ್ದಿದ್ದು ಹೆಚ್ಚು ಕಡಿಮೆ ಅದೇ ಹೆಂಗಸರು. ಫೈನಾನ್ಸ್ ಗುಂಪಿನಲ್ಲಿ ಅವರ ಕೈಯಲ್ಲಿ ಏನೂ ಇರಲಿಲ್ಲ, ನಿಯಮ ಮಾಡಿದವರು ಎಲ್ಲೋ ಇದ್ದರು. ಸಂಘದಲ್ಲಿ ಹಣವೂ ಅವರದೇ, ತೀರ್ಮಾನವೂ ಅವರದೇ. ನನ್ನ ಪರಿಸ್ಥಿತಿ ಕಣ್ಣಾರೆ ನೋಡಿದವರು ತೀರ್ಮಾನ ಮಾಡಿದರು.

ಸಂಘದ ಕೊರತೆ ಮುಚ್ಚಿಡುವುದಿಲ್ಲ. ತುಂಬಾ ನಿಧಾನ. 40,000ಕ್ಕೆ ನಾನು ಏಳು ತಿಂಗಳು ಸರದಿ ಕಾದೆ. ಅಷ್ಟರಲ್ಲಿ ಹಬ್ಬದ ಸೀಸನ್ ಒಂದು ಹೋಯಿತು. ಪುಸ್ತಕ ಬರೆಯುವವರು ಒಬ್ಬರೇ, ಅವರು ತವರಿಗೆ ಹೋದರೆ ಲೆಕ್ಕ ನಿಲ್ಲುತ್ತದೆ. ಮತ್ತೆ ಎಲ್ಲಕ್ಕಿಂತ ದೊಡ್ಡ ಕೊರತೆ: ನಿಜವಾಗಿ ಬಡವರು ಸಂಘದಲ್ಲಿ ಇಲ್ಲ. ವಾರಕ್ಕೆ 50 ರೂಪಾಯಿ ಇಡಲಾಗದವರನ್ನು, ಕಬ್ಬು ಕಡಿಯಲು ಊರೂರು ಅಲೆಯುವವರನ್ನು ನಾವು ಸೇರಿಸಿಕೊಳ್ಳಲಿಲ್ಲ. ಕಟ್ಟಲಾರರು ಅನ್ನುವ ಭಯ. ಕೇರಿಯ ಹೆಂಗಸರ ಸಂಘ ಬೇರೆ, ನಮ್ಮದು ಬೇರೆ. ಒಂದೇ ಊರಲ್ಲಿ ಎರಡು ಕಡೆ ಶುಕ್ರವಾರದ ಸಭೆ ನಡೆಯುತ್ತದೆ. ಇದನ್ನು ಬರೆಯುವಾಗ ನನಗೆ ನಾಚಿಕೆ ಆಗುತ್ತಿದೆ, ಆದರೂ ಬರೆಯಲೇಬೇಕು.

ಅಂಥವರಿಗೆ ಯಾವ ಸಾಲವೂ ಬೇಡ ಅನ್ನುವುದು ನನ್ನ ಅಭಿಪ್ರಾಯ. ಮಗಳು ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದಾಳೆ, ಅವಳಿಂದ ಗೊತ್ತಾಗಿದ್ದು ಇದು. ಭಾರತವೂ ಸೇರಿ ಆರು ದೇಶಗಳಲ್ಲಿ ಕಿರು ಸಾಲದ ಬಗ್ಗೆ ನಡೆದ ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಬಂದವು. ಸಾಲದಿಂದ ಸ್ವಲ್ಪ ಅನುಕೂಲ ಆಗುತ್ತದೆ, ಆದರೆ ಬಡತನ ನೀಗುವಷ್ಟು ಬದಲಾವಣೆ ಕಾಣಲಿಲ್ಲ ಅಂತ ಹೇಳಿದವು. ಹೈದರಾಬಾದಿನ ಅಧ್ಯಯನ ಮಾಡಿದವರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಇದ್ದರು, 2019ರಲ್ಲಿ ಅವರಿಗೆ ನೊಬೆಲ್ ಬಂತು. ಇನ್ನೊಂದು ಕಡೆ ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2002ರಿಂದ ಬೇರೆ ದಾರಿ ಹಿಡಿದಿದೆ. ಕಡು ಬಡವರಿಗೆ ಸಾಲ ಕೊಡುವ ಬದಲು ಹಸುವೋ ಆಡೋ ಕೊಡುತ್ತಾರೆ, ಅದು ಹಾಲು ಕೊಡುವವರೆಗೆ ಊಟಕ್ಕೆ ಸ್ವಲ್ಪ ಹಣ ಕೊಡುತ್ತಾರೆ, ಮನೆಗೆ ಬಂದು ಸಾಕುವುದನ್ನು ಕಲಿಸುತ್ತಾರೆ. ಆ ಮಾದರಿಯನ್ನು ಆರು ದೇಶಗಳಲ್ಲಿ ಪರೀಕ್ಷೆ ಮಾಡಿದಾಗ, ನೆರವು ನಿಂತ ಒಂದು ವರ್ಷದ ಮೇಲೂ ಜನರ ಸ್ಥಿತಿ ಮೊದಲಿಗಿಂತ ಚೆನ್ನಾಗಿಯೇ ಇತ್ತು. ನನಗೆ ಇದು ಸುಲಭವಾಗಿ ಅರ್ಥ ಆಗುತ್ತದೆ. ಹಸು ಬತ್ತಿದರೆ ಯಾರೂ ಬಂದು ಜಗಲಿಯ ಮೇಲೆ ಕೂರುವುದಿಲ್ಲ.

ಅಂಕ ಕೊಡಬೇಕು ಅಂದರೆ ಫೈನಾನ್ಸ್ ಸಾಲಕ್ಕೆ 5ಕ್ಕೆ 2, ಅದೂ ಬೇಗ ಕೊಟ್ಟಿದ್ದಕ್ಕೆ. ಸಂಘಕ್ಕೆ 4. ಆ ಉಳಿದ ಒಂದು ಅಂಕ ಕೇರಿಯ ಸಂಘವೂ ನಮ್ಮದೂ ಒಂದೇ ಕಡೆ ಕೂರುವ ದಿನಕ್ಕೆ.

ಸಾಲ ಮಾಡಲೇಬೇಕು ಅನ್ನುವವರು ಸಹಿ ಹಾಕುವ ಮೊದಲು ಒಂದು ಮಾತು ಕೇಳಿ: "ಒಂದು ತಿಂಗಳು ಕಟ್ಟಲು ಆಗದಿದ್ದರೆ ಏನು ಮಾಡುತ್ತೀರಿ?" ಉತ್ತರವನ್ನು ಕಾರ್ಡಿನಲ್ಲಿ ತೋರಿಸಿ ಅನ್ನಿ. ಒಳ್ಳೆ ತಿಂಗಳ ಆದಾಯ ಹೇಳಬೇಡಿ, ಆಷಾಢದ್ದು ಹೇಳಿ. ಸಂಘ ಇಲ್ಲದ ಬೀದಿಯವರು ಗ್ರಾಮ ಪಂಚಾಯಿತಿಗೆ ಹೋಗಿ ಸಂಜೀವಿನಿ ಒಕ್ಕೂಟದವರು ಯಾರು ಅಂತ ವಿಚಾರಿಸಿ, ಹೊಸ ಸಂಘ ಮಾಡಲು ಹತ್ತು ಜನ ಹೆಂಗಸರು ಸಾಕು. ನಾನು ಅಡ ಇಟ್ಟ ಓಲೆಯನ್ನು ಹೋದ ದೀಪಾವಳಿಗೆ ಬಿಡಿಸಿಕೊಂಡೆ. ಕಬ್ಬು ಕಡಿಯಲು ಹೋಗುವ ಇಬ್ಬರನ್ನು ಸೇರಿಸಿಕೊಳ್ಳೋಣ, ಅವರು ಊರಿಗೆ ಬಂದಾಗ ಒಟ್ಟಿಗೆ ಉಳಿತಾಯ ಕಟ್ಟಲಿ ಅಂತ ಮುಂದಿನ ಶುಕ್ರವಾರದ ಸಭೆಯಲ್ಲಿ ಕೇಳುವವಳಿದ್ದೇನೆ.