ಕಾಲಿನ ರಕ್ತದ ಓಟ ಕೇಳಲು ಯಾವ ಡಾಪ್ಲರ್? ಬಳಸಿ ನೋಡಿದ ಹೋಲಿಕೆ

ಕೊಡಗಿನ ಸಿದ್ದಾಪುರ ಕಡೆಯ ಕಾಫಿ ತೋಟಗಳಲ್ಲಿ ಕೆಲಸದವರ ಲೈನ್ ಮನೆಗಳಿಗೆ ಹೋಗಿ ಕಾಲಿನ ಹುಣ್ಣಿಗೆ ಡ್ರೆಸಿಂಗ್ ಮಾಡುವುದು ನನ್ನ ಕೆಲಸ. ವೆರಿಕೋಸ್ ನರದಿಂದ ಆದ ಹುಣ್ಣಿಗೆ ಬಿಗಿ ಪಟ್ಟಿ ಸುತ್ತುವುದೇ ಮುಖ್ಯ ಮದ್ದು. ಆದರೆ ಪಾದಕ್ಕೆ ರಕ್ತವೇ ಸರಿಯಾಗಿ ಇಳಿಯದ ಕಾಲಿಗೆ ಅದೇ ಪಟ್ಟಿ ಬಿಗಿದರೆ ಕಾಲೇ ಹೋಗಬಹುದು. ಹಾಗಾಗಿ ಮೊದಲು ರಕ್ತದ ಓಟ ನೋಡಲೇಬೇಕು. ಅದಕ್ಕೆ ಬಳಸುವುದು ಡಾಪ್ಲರ್: ಕಿವಿಗೆ ಕೇಳದ ಶಬ್ದದ ಅಲೆ ಕಳಿಸಿ, ರಕ್ತದ ಓಟವನ್ನು ನಮಗೆ ಸದ್ದಾಗಿ ಕೇಳಿಸುವ ಸಾಧನ.

ಬೆರಳಿಟ್ಟು ನಾಡಿ ನೋಡಿದರೆ ಸಾಲದಾ ಅಂತ ಕೇಳುತ್ತಾರೆ. ಸಾಲದು. ದಿನವಿಡೀ ಗಮ್‌ಬೂಟಿನೊಳಗಿದ್ದು ತಣ್ಣಗಾದ, ಊದಿದ ಪಾದದಲ್ಲಿ ನಾಡಿ ಸಿಗುವುದು ಕಷ್ಟ. ಜೋರಾಗಿ ಒತ್ತಿದರೆ ನಮ್ಮ ಬೆರಳ ತುದಿಯ ಬಡಿತವೇ ರೋಗಿಯದ್ದು ಅನ್ನಿಸಿಬಿಡುತ್ತದೆ.

ನಾನು ಮೊದಲು ಕೊಂಡಿದ್ದು ಬಸುರಿಯರ ಹೊಟ್ಟೆಯ ಮೇಲಿಟ್ಟು ಮಗುವಿನ ಎದೆಬಡಿತ ಕೇಳುವ ಡಾಪ್ಲರ್. ಬೆಲೆ ಕಡಿಮೆ, ಕಾಲಿಗೂ ಆಗುತ್ತದೆ ಅಂತ ಅಂಗಡಿಯವರು ಹೇಳಿದ್ದರು. ಆಗಲಿಲ್ಲ. ಅದರ ಪ್ರೋಬ್, ಅಂದರೆ ಚರ್ಮಕ್ಕೆ ತಾಗಿಸಿ ಅಲೆ ಕಳಿಸುವ ಭಾಗ, 2ರಿಂದ 3 ಮೆಗಾಹರ್ಟ್ಜ್ ಕಂಪನದ್ದು, ಆಳದ ಸದ್ದು ಹಿಡಿಯಲು ಮಾಡಿದ್ದು. ಚರ್ಮದ ಕೆಳಗೇ ಇರುವ ಪಾದದ ಸಣ್ಣ ರಕ್ತನಾಳದ ಮೇಲಿಟ್ಟರೆ ಬರೀ ಗೊರಗೊರ. ಕಾಲಿಗೆ ಬೇಕಿರುವುದು 8 ಮೆಗಾಹರ್ಟ್ಜ್ ಪ್ರೋಬ್. ಕೊಳ್ಳುವ ಮುಂಚೆ ಪ್ರೋಬಿನ ಮೇಲೆ ಬರೆದಿರುವ ಅಂಕಿ ನೋಡಿ.

ಆಮೇಲೆ ತಂದಿದ್ದು ಪರದೆ ಇಲ್ಲದ, ಸದ್ದು ಮಾತ್ರ ಕೇಳಿಸುವ, ಕಿಸೆಯಲ್ಲಿ ಹಿಡಿಯುವ 8 ಮೆಗಾಹರ್ಟ್ಜ್ ಸಾಧನ. ಈಗಲೂ ನಾನು ಜಾಸ್ತಿ ಬಳಸುವುದು ಇದನ್ನೇ. ಒಬ್ಬ ಅಜ್ಜನ ಕಾಲು ನೋಡಬೇಕು ಅನ್ನಿ. ಅಜ್ಜನನ್ನು ಹತ್ತು ನಿಮಿಷ ಸುಮ್ನೆ ಮಲಗಿಸುತ್ತೇನೆ. ಜೆಲ್ ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಬೆಚ್ಚಗೆ ಮಾಡುತ್ತೇನೆ. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವಿನಿಂದ ಮೇಲಕ್ಕೆ ಒಂದು ಗೆರೆ ಎಳೆದ ಹಾಗೆ ಪ್ರೋಬ್ ಜಾರಿಸುತ್ತೇನೆ. ಒತ್ತಬಾರದು, ಒತ್ತಿದರೆ ನಾಳವೇ ಮುಚ್ಚಿಕೊಳ್ಳುತ್ತದೆ. ನೆಟ್ಟಗೆ ನಿಲ್ಲಿಸಲೂಬಾರದು, 45ರಿಂದ 60 ಡಿಗ್ರಿ ಓರೆ ಇರಬೇಕು. ರಕ್ತ ಪ್ರೋಬಿನ ಕಡೆಗೆ ಬಂದರೆ ಅಥವಾ ದೂರ ಹೋದರೆ ಮಾತ್ರ ಅಲೆಯ ಕಂಪನ ಬದಲಾಗುವುದು, ಅಡ್ಡ ಹಾದುಹೋದರೆ ಅಲ್ಲ. 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ನಕ್ಷತ್ರಗಳ ಬೆಳಕಿನ ಬಗ್ಗೆ ಹೇಳಿದ ಮಾತು ಇಲ್ಲಿ ಅಜ್ಜನ ಪಾದಕ್ಕೂ ಸಲ್ಲುತ್ತದೆ. ನನಗೆ ಇದು ಇವತ್ತಿಗೂ ಸೋಜಿಗ.

ಆರೋಗ್ಯದ ನಾಳ ಮೂರು ಸದ್ದು ಮಾಡುತ್ತದೆ. ಒಂದು ಜೋರು, ಹಿಂದೆಯೇ ಎರಡು ಮೆಲ್ಲಗೆ: ಹುಶ್-ಶು-ಶು. ಅಡಚಣೆ ಇದ್ದರೆ ಒಂದೇ ಒಂದು, ಮಂದ, ಎಳೆದ ಸದ್ದು. ಆಮೇಲೆ ಬಿ.ಪಿ. ಪಟ್ಟಿಯನ್ನು ಪಾದದ ಗಂಟಿಗಿಂತ ಸ್ವಲ್ಪ ಮೇಲಕ್ಕೆ ಸುತ್ತಿ, ಸದ್ದು ನಿಲ್ಲುವವರೆಗೆ ಗಾಳಿ ತುಂಬಿ, ನಿಧಾನಕ್ಕೆ ಬಿಡಬೇಕು. ಸದ್ದು ಮರಳಿದಾಗಿನ ಬಿ.ಪಿ. ಅಂಕಿಯನ್ನು, ತೋಳಲ್ಲೂ ಹೀಗೇ ನೋಡಿದ ಅಂಕಿಯಿಂದ ಭಾಗಿಸುವುದು. ಎರಡು ತೋಳಲ್ಲಿ ಯಾವುದು ಜಾಸ್ತಿಯೋ ಅದನ್ನು ತೆಗೆದುಕೊಳ್ಳಿ. ಕಾಲಲ್ಲಿ 98, ತೋಳಲ್ಲಿ 140 ಬಂದರೆ 0.70. 0.9 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ನಾಳ ಕಿರಿದಾಗಿದೆ ಅಂತ ಅರ್ಥ. 0.5ಕ್ಕಿಂತ ಕೆಳಗಿದ್ದರೆ ಬಿಗಿ ಪಟ್ಟಿ ಮುಟ್ಟುವುದೇ ಬೇಡ, ನೇರ ಡಾಕ್ಟರ ಹತ್ತಿರ ಕಳಿಸಿ.

ಮೂರನೆಯದು ಪರದೆ ಇರುವ ಸಾಧನ. ಬೆಲೆ ತುಂಬಾ ಜಾಸ್ತಿ. ರಕ್ತ ಮುಂದೆ ಹೋದರೆ ಗೆರೆಯ ಮೇಲೆ, ಹಿಂದೆ ಚಿಮ್ಮಿದರೆ ಗೆರೆಯ ಕೆಳಗೆ ಅಲೆ ಮೂಡಿಸುತ್ತದೆ. ಹೊಸದಾಗಿ ಕಲಿಯುವವರಿಗೆ ಇದೇ ಒಳ್ಳೆಯದು. ಕಿವಿಗೆ ಕೇಳಿದ್ದು ಕಣ್ಣಿಗೂ ಕಾಣುತ್ತದೆ, ಡಾಕ್ಟರಿಗೆ ತೋರಿಸಲು ದಾಖಲೆಯೂ ಆಗುತ್ತದೆ. ಆದರೆ ನನಗೆ ಸಿಕ್ಕಿದ್ದು ಚಾರ್ಜ್ ಮಾಡಬೇಕಾದದ್ದು. ಜುಲೈ ತಿಂಗಳಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಾಗ ಅದು ಚೀಲದಲ್ಲೇ ಉಳಿಯಿತು. ಸಣ್ಣದಕ್ಕೆ ಅಂಗಡಿಯಲ್ಲಿ ಸಿಗುವ ಬ್ಯಾಟರಿ ಹಾಕಿದರೆ ಆಯ್ತು.

ನಮ್ಮ ಕಡೆಯವರು ಇನ್ನೊಂದು ಮುಖ್ಯವಾಗಿ ನೋಡಬೇಕು: ಹೆಡ್‌ಫೋನ್ ಸಿಕ್ಕಿಸುವ ಜಾಗ ಇದೆಯಾ ಅಂತ. ಲೈನ್ ಮನೆಯ ಶೀಟಿನ ಮೇಲೆ ಮಳೆ ಹೊಡೆಯುವಾಗ ಸ್ಪೀಕರ್ ಸದ್ದು ಏನೂ ಕೇಳುವುದಿಲ್ಲ. ಹೆಡ್‌ಫೋನ್ ಹಾಕಿದರೆ ಮಳೆ ದೂರವಾಗಿ ರಕ್ತ ಹತ್ತಿರ ಬರುತ್ತದೆ. ಮನೆಯವರ ಕಿವಿಗೂ ಕೊಡುತ್ತೇನೆ. ಬೀಡಿ ಸೇದುವ ಒಬ್ಬ ಅಣ್ಣ ತನ್ನ ಎರಡೂ ಕಾಲಿನ ಸದ್ದು ಕೇಳಿ, "ಸಿಸ್ಟರೇ, ಎಡಗಾಲು ಯಾಕೆ ಇಷ್ಟು ಮಂಕು?" ಅಂತ ತಾನಾಗೇ ಕೇಳಿದ.

ಈ ಮೂರು ಸಾಧನಗಳೂ ನಾಳ ಎಲ್ಲಿ ಕಟ್ಟಿದೆ ಅಂತ ತೋರಿಸುವುದಿಲ್ಲ. ಅದಕ್ಕೆ ದೊಡ್ಡ ಆಸ್ಪತ್ರೆಯ ಕಲರ್ ಡಾಪ್ಲರ್ ಸ್ಕ್ಯಾನೇ ಬೇಕು. ಹೋದ ವರ್ಷ ಸಕ್ಕರೆ ಕಾಯಿಲೆಯ ಒಬ್ಬ ಅಜ್ಜಿಗೆ ಕಾಲಲ್ಲಿ 210, ತೋಳಲ್ಲಿ 140 ಬಂತು. ಲೆಕ್ಕ 1.5. ಅಂಕಿ ಮಾತ್ರ ನೋಡಿದ್ದರೆ ರಕ್ತ ಚೆನ್ನಾಗೇ ಓಡ್ತಿದೆ ಅಂತ ಪಟ್ಟಿ ಬಿಗಿಯುತ್ತಿದ್ದೆ. ಆದರೆ 1.4 ದಾಟಿದರೆ ನಾಳದ ಗೋಡೆಗೆ ಸುಣ್ಣ ಕಟ್ಟಿ ಬಿ.ಪಿ. ಪಟ್ಟಿಗೆ ಒತ್ತಿಕೊಳ್ಳುತ್ತಿಲ್ಲ ಅಂತ ಅರ್ಥ, ಆ ಅಂಕಿಯನ್ನು ನಂಬುವಂತಿಲ್ಲ. ಕಿವಿಗೆ ಬಂದಿದ್ದು ಒಂದೇ ಎಳೆದ ಸದ್ದು. ಪಟ್ಟಿ ಸುತ್ತದೆ ಮೈಸೂರಿಗೆ ಕಳಿಸಿದೆ. ಮೊಣಕಾಲಿನ ಕೆಳಗೆ ಎರಡು ಕಡೆ ನಾಳ ಕಿರಿದಾಗಿದೆ ಅಂತ ಸ್ಕ್ಯಾನಿನಲ್ಲಿ ಬಂತು.